ಮಿರಜಿನ ಎಂಆರ್‌ಐ ಮಹಾಪ್ರಭುಗಳ ಸನ್ನಿಧಿಗೆ

ತೀರ್ಥರೂಪ ಸಮಾನರಾದ ಎಂಆರ್‌ಐ ಮಹಾಪ್ರಭುಗಳ ಚರಣಕಮಲಗಳಿಗೆ (ತಮ್ಮ ಚರಣಗಳು ಯಾವ ಕಡೆ ಇವೆಯೆಂದು ಆ ದಿನ ಗೊತ್ತಾಗಲಿಲ್ಲ, ಅಂದಾಜಿನ ಮೇಲೆ ಬೀಳುತ್ತಿದ್ದೇನೆ) ಅಥಣಿ ತಾಲೂಕಿನ ದ್ರಾಕ್ಷಿ ಬೆಳೆಗಾರರೊಬ್ಬರ ಮಗ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇತ್ತ ನಾವು ಇದ್ದೇವೆ. ಅತ್ತ ತಾವು ಎ.ಸಿ. ಕೋಣೆಯಲ್ಲಿ, ಹೊಟ್ಟೆಯೊಳಗೆ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ತುಂಬಿಕೊಂಡು ತಂಪಾಗಿ ಇರುವಿರೆಂದು ಬಲ್ಲೆ. ಕರೆಂಟು ಹೋದರೆ ನಮ್ಮ ಬೋರು ನಿಲ್ಲುತ್ತದೆ. ತಮ್ಮ ಆಕರ್ಷಣೆ ಮಾತ್ರ ಹಗಲು ರಾತ್ರಿ ನಿಲ್ಲುವುದಿಲ್ಲ ಎಂದು ಕೇಳಿ ಸಂತೋಷವಾಯಿತು. ತಮ್ಮ ಸೆಂಟರಿನ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಮಿರಜಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರಿಗೆ ದಾರಿ ತೋರಿಸಲು ಬೋರ್ಡುಗಳೇ ಸಾಲುಗಟ್ಟಿ ನಿಂತಿವೆ.

ಪ್ರಭುಗಳೇ, ತಮ್ಮ ಊರಿನ ಮೇಲೆ ನಮಗಿರುವ ಭಕ್ತಿ ಇಂದು ನಿನ್ನೆಯದಲ್ಲ. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಹಿರಿಯರು ಒಂದೇ ಮಾತು ಹೇಳುತ್ತಾರೆ: ‘ಮಿರ್ಜಿಗೆ ಒಯ್ರಿ.’ ಕಾಗವಾಡ ದಾಟಿ ಮ್ಹೈಸಾಳ ಬಂದರೆ ಬೋರ್ಡಿನ ಮೇಲಿನ ಅಕ್ಷರ ಬದಲಾಗುತ್ತದೆ, ಬಸ್ಸಿನೊಳಗಿನ ನರಳಾಟ ಅದೇ ಭಾಷೆಯಲ್ಲಿ ಮುಂದುವರಿಯುತ್ತದೆ. ಗಡಿ ಗಲಾಟೆ ಎದ್ದ ದಿನ ಬಸ್ಸು ಗಡಿಯಲ್ಲೇ ನಿಂತುಬಿಡುತ್ತದೆ, ರೋಗ ನಿಲ್ಲುವುದಿಲ್ಲ. 2023ರಲ್ಲಿ ತಮ್ಮ ಸರ್ಕಾರ ನಮ್ಮ ರಾಜ್ಯದ 865 ಗಡಿ ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆ ಕೊಡುತ್ತೇನೆಂದಾಗ ನಮ್ಮ ಸರ್ಕಾರ ಸಿಟ್ಟಾಯಿತು. ನಮ್ಮ ಮೈಯ ಬಗ್ಗೆ ಎರಡು ರಾಜ್ಯಗಳು ಜಗಳಾಡುವಷ್ಟು ಬೆಲೆ ನಮಗಿದೆಯೆಂದು ಅಂದೇ ಗೊತ್ತಾದದ್ದು. ಡಾಕ್ಟರ್ ವಿಲಿಯಂ ವಾನ್‌ಲೆಸ್ ಎಂಬ ಮಿಷನರಿ ಈ ಮಿರಜಿನಲ್ಲಿ ಆಸ್ಪತ್ರೆ ತೆರೆದದ್ದು 1894ರಲ್ಲಿ. ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಂಡದ್ದು ಮರುವರ್ಷ, 1895ರ ನವೆಂಬರ್ 8ರಂದು. ಅಂದರೆ ಮೈಯೊಳಗೆ ಇಣುಕಿ ನೋಡುವ ತಮ್ಮ ಇಡೀ ವಂಶ ಹುಟ್ಟುವ ಮೊದಲೇ ಮಿರಜಿನಲ್ಲಿ ರೋಗಿಗಳು ಪಾಳಿ ಹಚ್ಚಿದ್ದರು. ಆಗ ಡಾಕ್ಟರು ಏನನ್ನು ನೋಡಿ ರೋಗ ಹೇಳುತ್ತಿದ್ದರೋ! ರೋಗಿಯನ್ನೇ ನೋಡುತ್ತಿದ್ದಿರಬೇಕು. ಹಿಂದುಳಿದ ಕಾಲ.

ತಮ್ಮನ್ನು ಹೊಗಳುವ ಮೊದಲು ತಮ್ಮ ಅಣ್ಣನವರಾದ ಎಕ್ಸ್‌ರೇ ರಾಯರಿಗೆ ಎರಡು ಮಾತಿನ ಕೃತಜ್ಞತೆ ಸಲ್ಲಬೇಕು. ನಮ್ಮ ಅಪ್ಪ ನಲವತ್ತು ವರ್ಷ ದ್ರಾಕ್ಷಿ ಪಡದಲ್ಲಿ ದುಡಿದವರು. ಈ ಬೆಳೆಯ ಕೆಲಸವೆಲ್ಲ ತಲೆಯ ಮೇಲೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ (ಚಾಟ್ನಿ ಅಂದರೆ ಬಳ್ಳಿ ಸವರುವುದು), ಬಳ್ಳಿಯನ್ನು ತಂತಿಗೆ ಕಟ್ಟುವುದು, ಗೊನೆಯಲ್ಲಿ ಕಾಳು ಬಿಡಿಸುವುದು, ಒಂದೊಂದೇ ಗೊನೆಯನ್ನು ಕಪ್ಪಿನಲ್ಲಿ ಹಿಡಿದು ಔಷಧಿಗೆ ಅದ್ದುವುದು. ಬೆಳಗಿನಿಂದ ಸಂಜೆಯವರೆಗೆ ಎರಡೂ ಕೈ ಮುಗಿಲಿಗೆ. ನಾಲ್ಕು ವರ್ಷಗಳ ಹಿಂದೆ ಬಲ ಭುಜ ನೋಯತೊಡಗಿತು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಅಣ್ಣನವರ ಮುಂದೆ ಒಯ್ದು ನಿಲ್ಲಿಸಿದೆವು. ಒಂದಲ್ಲ, ಮೂರು ವರ್ಷದಲ್ಲಿ ಮೂರು ಸಲ. ಮೂರೂ ಸಲ ಒಂದೇ ತೀರ್ಪು: ‘ಎಲುವು ಗಟ್ಟಿ ಐತಿ, ಏನೂ ಆಗಿಲ್ಲ.’ ಎಲುಬಿಗೆ ಏನಾದರೂ ಆಗಿದೆಯೆಂದು ನಾವು ಹೇಳಿಯೇ ಇರಲಿಲ್ಲ. ನೋವಿದ್ದದ್ದು ಮಾಂಸದಲ್ಲಿ, ಅಣ್ಣನವರಿಗೆ ಮಾಂಸ ಕಾಣುವುದು ಬರೀ ಮಬ್ಬು ನೆರಳಾಗಿ. ಕುರುಡನ ಕೈಗೆ ಕನ್ನಡಿ ಕೊಟ್ಟು ಮೂರು ಸಲ ಹಣ ತೆತ್ತ ಪುಣ್ಯ ನಮ್ಮದು. ನಡುವೆ ಎರಡು ಇಂಜೆಕ್ಷನ್, ಒಂದು ಬುಟ್ಟಿ ಗುಳಿಗೆ, ಸಾಂಗಲಿಯ ಅರಿಷಿಣವನ್ನು ಎಣ್ಣೆಯಲ್ಲಿ ಕಾಯಿಸಿ ಅವ್ವ ಹಚ್ಚಿದ ಲೇಪ. ಇದ್ದುದರಲ್ಲಿ ಅರಿಷಿಣಕ್ಕೆ ವಾಸನೆಯಾದರೂ ಚೆನ್ನಾಗಿತ್ತು.

ತಮ್ಮ ತಂಗಿ ಸೋನೋಗ್ರಫಿಯಮ್ಮನವರ ಮಾತು ಬೇರೆ. ಅವರಿಗೆ ಭುಜದ ನರವೂ ಕಾಣುತ್ತದೆ, ಮಾಂಸಖಂಡವೂ ಕಾಣುತ್ತದೆ. ಕೈ ಎತ್ತಿಸಿ ಇಳಿಸಿ, ಅದು ಜಾರುವುದನ್ನು ಕಣ್ಣೆದುರೇ ತೋರಿಸುತ್ತಾರಂತೆ. ಒಳ್ಳೆಯ ಖಂಡ ಅವರ ಪರದೆಯ ಮೇಲೆ ಕಪ್ಪಗೆ, ಕೆಟ್ಟ ಖಂಡ ಬೆಳ್ಳಗೆ. 1982ರಲ್ಲೇ ಇಂಗ್ಲೆಂಡಿನ ಹೆಕ್‌ಮ್ಯಾಟ್ ಮತ್ತು ಸಂಗಡಿಗರು ಈ ಬಿಳುಪನ್ನು ನಾಲ್ಕು ದರ್ಜೆ ಮಾಡಿ, ಖಂಡ ಕರಗುವ ಕಾಯಿಲೆಯ ಮಕ್ಕಳನ್ನು ಸೂಜಿ ಚುಚ್ಚದೆ ಪರೀಕ್ಷಿಸುವ ದಾರಿ ತೋರಿದ್ದರು. ಖರ್ಚು ತಮ್ಮದಕ್ಕಿಂತ ಬಹಳ ಕಡಿಮೆ. ಆದರೆ ನಾನು ವಿಚಾರಿಸಿದ ಕಡೆ ‘ಇಲ್ಲಿ ಭುಜ ಮಾಡೂದಿಲ್ರಿ, ಬರೇ ಹೊಟ್ಟಿ’ ಎಂದರು. ಅವರನ್ನು ದೂರಲಾರೆ. ನಮ್ಮ ಸೀಮೆಯಲ್ಲಿ ಆ ಯಂತ್ರ ಬಸುರಿಯರ ಹೊಟ್ಟೆಯಲ್ಲಿ ಏನನ್ನು ಹುಡುಕಲು ಬಳಕೆಯಾಯಿತೆಂದು ಎಲ್ಲರಿಗೂ ಗೊತ್ತು. 2017ರ ಮಾರ್ಚಿನಲ್ಲಿ ಇದೇ ಮ್ಹೈಸಾಳದ ಹಳ್ಳದ ದಂಡೆಯಲ್ಲಿ ಹೂತಿಟ್ಟ 19 ಭ್ರೂಣಗಳು ಸಿಕ್ಕವು. ಬಸ್ಸು ಆ ಊರು ದಾಟುವಾಗ ಅವ್ವ ಇಂದಿಗೂ ಕಿಟಕಿಯ ಆಚೆ ನೋಡುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಆ ಯಂತ್ರವನ್ನು ನೋಂದಣಿ, ಫಾರ್ಮು, ಬೀಗಮುದ್ರೆಗಳ ನಡುವೆ ಕೂರಿಸಿದೆ, ಕೂರಿಸಲೇಬೇಕಿತ್ತು. ಅದು ರೈತನ ಭುಜದ ತನಕ ಬರುವುದಿಲ್ಲವೆಂದರೆ ಅದಕ್ಕೆ ಕಾರಣ ನಾವೇ.

ಹೀಗೆ ಅಣ್ಣನವರು ಕಾಣದೆ, ತಂಗಿಯವರು ಸಿಗದೆ, ನಾಲ್ಕನೆಯ ವರ್ಷ ತಮ್ಮ ದರ್ಶನ ಭಾಗ್ಯ. ಅಷ್ಟರಲ್ಲಿ ಅಪ್ಪನ ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತ್ತು. ತಲೆಗೆ ಟೋಪಿ ಇಡಬೇಕೆಂದರೆ ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಹಿಡಿಯಬೇಕು.

ಒಳಗೆ ಬಿಡುವ ಮೊದಲು ತಾವು ಕೇಳಿದ ಕಾಣಿಕೆಗಳ ಪಟ್ಟಿ ದೊಡ್ಡದಿತ್ತು. ಗಡಿಯಾರ, ಬೆಲ್ಟು, ಮೊಬೈಲು, ಎಟಿಎಂ ಕಾರ್ಡು, ಬೆಳ್ಳಿಯ ಉಡದಾರ. ಭೂಮಿತಾಯಿಯ ಕಾಂತಶಕ್ತಿಗೆ ಸುಮಾರು ಮೂವತ್ತು ಸಾವಿರ ಪಟ್ಟು ಬಲ ತಮ್ಮದೆಂದ ಮೇಲೆ ಎದುರಾಡುವುದುಂಟೇ, ಎಲ್ಲ ಬಿಚ್ಚಿಕೊಟ್ಟೆವು. ಕಡೆಗೆ ಕೊರಳಿಗೆ ಬಂದಿರಿ. ಅಪ್ಪನ ಕೊರಳಲ್ಲಿ ಬೆಳ್ಳಿಯ ಗುಂಡಗಡಗಿ, ಅದರೊಳಗೆ ಇಷ್ಟಲಿಂಗ. ಜಳಕಕ್ಕೂ ತೆಗೆಯದ್ದು. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ ಎಂದು ಹೈಸ್ಕೂಲಿನಲ್ಲಿ ಕಲಿತದ್ದನ್ನು ನಾನು ನನ್ನ ಹರಕು ಮರಾಠಿಯಲ್ಲಿ ಮಂಡಿಸಿದೆ. ಸನ್ನಿಧಿಯ ನಿಯಮದಲ್ಲಿ ಲೋಹವೆಂದರೆ ಲೋಹ. ಅಪ್ಪ ‘ಹಂಗಾದ್ರ ಸ್ಕ್ಯಾನ್ ಬ್ಯಾಡ, ನಡೀ’ ಎಂದು ಚಪ್ಪಲಿ ಹುಡುಕತೊಡಗಿದರು. ಆಗ ಟೆಕ್ನಿಷಿಯನ್ ಹುಡುಗ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಕನ್ನಡದಲ್ಲಿ ಹೇಳಿದ: ‘ಕಾಕಾ, ನಾನೂ ಜತ್ತ ಕಡೆಯಾಂವ. ಮಗನ ಅಂಗೈ ಮ್ಯಾಲ ಕೊಡ್ರಿ. ನೀವು ಹೊರಗ ಬರೂತನಾ ಹಂಗs ಹಿಡ್ಕೊಂಡ ಕುಂದರ್ಲಿ.’ ಅಂಗೈ ಎಂಬ ಮಾತಿಗೆ ಅಪ್ಪ ಒಪ್ಪಿದರು. ಅರ್ಧ ತಾಸಿಗೂ ಮಿಕ್ಕಿ ನಾನು ಹೊರಗಿನ ಸ್ಟೀಲ್ ಕುರ್ಚಿಯ ಮೇಲೆ, ಎಡ ಅಂಗೈಯಲ್ಲಿ ಅಪ್ಪನ ಲಿಂಗ, ಬಲಗೈಯಲ್ಲಿ ತಮ್ಮ ಆರು ಸಾವಿರ ರೂಪಾಯಿಯ ರಸೀದಿ ಹಿಡಿದು ಕೂತಿದ್ದೆ.

ತಮ್ಮ ಕಂಠಮಾಧುರ್ಯದ ಬಗ್ಗೆ ಬರೆಯದಿದ್ದರೆ ಅಪಚಾರವಾದೀತು. ತಾವು ನೆಲೆಸಿರುವುದು ಸಿತಾರ-ತಂಬೂರಿಗಳ ಊರಿನಲ್ಲಿ. ಕುಂದಗೋಳದ ಸವಾಯಿ ಗಂಧರ್ವರಿಗೆ ಪಾಠ ಹೇಳಿದ ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಿಂದ ಇಲ್ಲಿಯ ದರ್ಗಾದ ಅಂಗಳದಲ್ಲಿ ಮಲಗಿದ್ದಾರೆ. ಕೂದಲೆಳೆಯಷ್ಟು ಜವಾರಿ ತಪ್ಪಿದರೆ ತಂಬೂರಿಯನ್ನು ಮತ್ತೆ ಬಿಚ್ಚುವ ಕುಶಲಕರ್ಮಿಗಳ ಗಲ್ಲಿಯಿಂದ ಬಹಳ ದೂರವಿಲ್ಲದ ಜಾಗದಲ್ಲಿ ತಾವು ನೂರು ಡೆಸಿಬಲ್ ದಾಟಿ ‘ಢಣ್ ಢಣ್ ಢಣ್, ಟರ್‌ರ್‌ರ್’ ಎಂದು ಹಾಡುತ್ತೀರಿ. ಅಪ್ಪನ ಕಿವಿಗೆ ಹತ್ತಿ, ಅದರ ಮೇಲೆ ಹೆಡ್‌ಫೋನು. ಜತ್ತದ ಹುಡುಗನಿಗೂ ಮೈಕು ಕೈಗೆ ಬಂದೊಡನೆ ಅಭ್ಯಾಸಬಲದಿಂದ ಮರಾಠಿಯೇ ಬಂತು: ‘ಕಾಕಾ, ಹಲೂ ನಕಾ!’ ಅಲುಗಾಡಬೇಡಿ ಎಂದರ್ಥ. ಸಂತೆಯ ಮರಾಠಿ ಅಪ್ಪನಿಗೆ ಚೆನ್ನಾಗಿ ಬರುತ್ತದೆ, ತಾಸಗಾಂವದ ಪೇಟೆಯಲ್ಲಿ ಒಣದ್ರಾಕ್ಷಿಯ ವ್ಯಾಪಾರಕ್ಕೆ ಕೂತು ದಲಾಲರನ್ನೇ ಸುಸ್ತು ಮಾಡಿದವರು. ಹತ್ತಿಯ ಮೂಲಕ ಮಾತ್ರ ಅರ್ಧ ಅಕ್ಷರ ಕೇಳಿತು. ಹೊರಬಂದವರೇ ಹೇಳಿದರು: ‘ಒಳಗ ನಾಕ್ ಸಲ ಹಾಲು ಬ್ಯಾಡ, ಹಾಲು ಬ್ಯಾಡ ಅಂದ್ರು. ನಾ ಎಲ್ಲಿ ಕೇಳಿದ್ನಿ ಹಾಲು?’

ತಮ್ಮ ಜಾಣತನಕ್ಕೆ ಮಾತ್ರ ನಿಜವಾಗಿ ತಲೆಬಾಗುತ್ತೇನೆ, ಇದರಲ್ಲಿ ಕುಹಕವಿಲ್ಲ. ಕೊಯ್ಯದೆ, ಚುಚ್ಚದೆ, ಎಕ್ಸ್‌ರೇ ಕಿರಣವನ್ನೂ ಹಾಯಿಸದೆ, ಎಫ್‌ಎಂ ರೇಡಿಯೋಗಿಂತ ತುಸು ಕೆಳಗಿನ ಸ್ವರದಲ್ಲಿ ಮೈಯೊಳಗಿನ ನೀರು-ಕೊಬ್ಬುಗಳ ಹೈಡ್ರೋಜನ್ ಕಣಗಳನ್ನು ತಟ್ಟಿ ಎಬ್ಬಿಸಿ, ಅವು ಮತ್ತೆ ಮಲಗುವಾಗ ಗೊಣಗುವುದನ್ನು ಕೇಳಿಸಿಕೊಂಡು ಚಿತ್ರ ಬರೆಯುತ್ತೀರಿ. ಕೊಬ್ಬಿನ ಕಣ ಬೇಗ ಸುಧಾರಿಸಿಕೊಳ್ಳುತ್ತದೆ, ಆದ್ದರಿಂದ ತಮ್ಮ ಟಿ-1 ಎಂಬ ಬಗೆಯ ಚಿತ್ರದಲ್ಲಿ ಅದು ಬೆಳ್ಳಗೆ, ಖಂಡ ಬೂದು. ಮತ್ತೊಂದು ಬಗೆಯಲ್ಲಿ ಕೊಬ್ಬನ್ನು ಕತ್ತಲಲ್ಲಿಟ್ಟು ಬಾವು ಬಂದ ಜಾಗವನ್ನಷ್ಟೇ ಬೆಳಗಿಸುತ್ತೀರಿ. ಖಂಡ ಸದ್ಯಕ್ಕೆ ನರಳುತ್ತಿದೆಯೋ ಅಥವಾ ಎಂದೋ ಸತ್ತು ಕೊಬ್ಬಾಗಿದೆಯೋ ಎಂಬ ಎರಡೂ ಲೆಕ್ಕ ತಮ್ಮ ಬಳಿ ಉಂಟು. ಅಂಥ ತಾವು ಎರಡು ಪುಟದ ಇಂಗ್ಲಿಷ್ ವರದಿ ದಯಪಾಲಿಸಿದಿರಿ. ಸುಪ್ರಾಸ್ಪೈನೇಟಸ್ ಎಂಬ ಖಂಡದ ನರ ಪೂರ್ತಿ ಹರಿದು ಹಿಂದಕ್ಕೆ ಸರಿದಿದೆ. ಖಂಡದಲ್ಲಿ ಕೊಬ್ಬು ಸೇರಿದೆ, ಗ್ರೇಡ್ ಎರಡು. (ಈ ನರವನ್ನು ಡಾಕ್ಟರರು ಸ್ನಾಯುರಜ್ಜು ಅನ್ನುತ್ತಾರೆ. ನಮ್ಮಲ್ಲಿ ಹಗ್ಗದ ಹಾಗೆ ಇರುವುದೆಲ್ಲ ನರವೇ.) ಕಡೆಯ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ: ‘ಕ್ಲಿನಿಕಲಿ ಕೋರಿಲೇಟ್ ಮಾಡಿಕೊಳ್ಳತಕ್ಕದ್ದು.’

ಈ ಸಾಲಿನ ಬಗ್ಗೆಯೇ ನನ್ನ ಬಿನ್ನಹ. ರೋಗಿಯನ್ನು ನೋಡಿ, ಮುಟ್ಟಿ, ಕೇಳಿ, ಚಿತ್ರದ ಜೊತೆ ತಾಳೆ ನೋಡಿರಿ ಎಂಬುದು ಅದರ ತಾತ್ಪರ್ಯವಂತೆ. ಬಹಳ ಒಳ್ಳೆಯ ಸಲಹೆ. ಅದು ಯಾವ ಕೌಂಟರಿನಲ್ಲಿ ಸಿಗುತ್ತದೆ ಎಂದು ತಮ್ಮ ಸೆಂಟರಿನ ಕಿಟಕಿಯಲ್ಲಿ ಕೇಳಿದೆ. ‘ಅದು ಡಾಕ್ಟರ್ ಮಾಡ್ತಾರೆ’ ಎಂದರು. ಡಾಕ್ಟರರ ಬಳಿ ಹೋದೆವು. ಅವರು ಚಿತ್ರದ ಪ್ಲೇಟನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಅಪ್ಪನಿಗೆ ಬೆನ್ನು ಹಾಕಿ ನಿಂತು, ಬಹಳ ಹೊತ್ತು ನೋಡಿದರು. ಅಪ್ಪ ಅಷ್ಟು ಹೊತ್ತೂ ಅಂಗಿಯ ಗುಂಡಿ ಬಿಚ್ಚಿ ಸಿದ್ಧರಾಗಿ ಕೂತಿದ್ದರು. ಕಡೆಗೆ ಅಪ್ಪಣೆಯಾಯಿತು: ‘ಈ ಸೆಂಟರಿಂದು ಕ್ಲಿಯರ್ ಇಲ್ಲ. ಸಾಂಗಲಿಗೆ ಬರ್ಕೊಡ್ತೀನಿ, ಅಲ್ಲಿ ಮತ್ತ ಮಾಡಿಸ್ರಿ.’ ಅಪ್ಪ ಗುಂಡಿ ಹಾಕಿಕೊಂಡರು.

ಸಾಂಗಲಿಯಲ್ಲಿರುವ ತಮ್ಮ ದಾಯಾದಿಗಳ ದರ್ಶನವೂ ಆಯಿತು. ಮತ್ತೆ ಉಡದಾರ, ಮತ್ತೆ ಗುಂಡಗಡಗಿ, ಮತ್ತೆ ನನ್ನ ಅಂಗೈ. ಈ ಸಲ ಅಪ್ಪ ಕೇಳುವ ಮೊದಲೇ ಕೊಟ್ಟರು. ಅಲ್ಲಿಯ ವರದಿ: ಗ್ರೇಡ್ ಮೂರು. ಒಂದೇ ಭುಜ, ಎಂಟು ದಿನದ ಅಂತರ, ಹನ್ನೆರಡು ಕಿಲೋಮೀಟರಿಗಿಂತ ಕಡಿಮೆ ದೂರ. ಎರಡಕ್ಕೂ ಮೂರಕ್ಕೂ ಏನು ಮಹಾ ಫರಕು ಎಂದು ನಾನು ಓದಿ ನೋಡಿದೆ. ಫ್ರಾನ್ಸಿನ ಗುಟಾಲಿಯೇ ಎಂಬ ಮೂಳೆ ಡಾಕ್ಟರರು ಮತ್ತು ಅವರ ಸಂಗಡಿಗರು 1994ರಲ್ಲಿ ಮಾಡಿಟ್ಟ ಲೆಕ್ಕವಿದು; ಮೊದಲು ಸಿಟಿ ಸ್ಕ್ಯಾನಿಗೆ ಮಾಡಿದ್ದು, ಆಮೇಲೆ ತಮ್ಮ ಮನೆತನಕ್ಕೂ ಬಂತು. ಸೊನ್ನೆ ಅಂದರೆ ಶುದ್ಧ ಖಂಡ. ಒಂದು ಅಂದರೆ ಅಲ್ಲೊಂದು ಇಲ್ಲೊಂದು ಕೊಬ್ಬಿನ ಗೆರೆ. ಎರಡು ಅಂದರೆ ಕೊಬ್ಬು ಖಂಡಕ್ಕಿಂತ ಕಡಿಮೆ. ಮೂರು ಅಂದರೆ ಸಮಸಮ. ನಾಲ್ಕು ಅಂದರೆ ಕೊಬ್ಬೇ ಹೆಚ್ಚು. ತೂಕದ ಕಲ್ಲಿಲ್ಲ, ಅಳತೆಯ ಪಟ್ಟಿಯಿಲ್ಲ, ನೋಡುವವರ ಕಣ್ಣೇ ತಕ್ಕಡಿ. ಒಂದೇ ಚಿತ್ರಕ್ಕೆ ಇಬ್ಬರು ನುರಿತವರು ಬೇರೆ ಬೇರೆ ಗ್ರೇಡ್ ಕೊಡುವುದು ಲೋಕದಲ್ಲೆಲ್ಲ ನಡೆದೇ ಇದೆಯಂತೆ. ತಮ್ಮಲ್ಲಿ ಕೊಬ್ಬಿನ ಪಾಲನ್ನು ಶೇಕಡಾವಾರು ಎಣಿಸಿ ಹೇಳುವ ಡಿಕ್ಸನ್ ಎಂಬ ವಿದ್ಯೆಯೂ ಇದೆಯೆಂದು ಕೇಳಿದೆ. ಅದನ್ನು ನಮ್ಮಂಥವರ ಮೇಲೆ ಖರ್ಚು ಮಾಡದೆ ಕಾಪಾಡಿಕೊಂಡು ಬಂದಿರುವ ತಮ್ಮ ಮಿತವ್ಯಯಕ್ಕೆ ಧನ್ಯವಾದಗಳು.

ಎರಡಾದರೆ ಹೊಲಿಗೆ ಹಾಕಿ ನೋಡಬಹುದು. ಮೂರಾದರೆ ಹೊಲಿದರೂ ನಿಲ್ಲುವ ಭರವಸೆ ಕಡಿಮೆ. ಫರಕು ಅಷ್ಟೇ.

ಆ ಸಂಜೆ ಸಾಂಗಲಿಯ ಗಣಪತಿ ಗುಡಿಯ ಹೊರಗೆ ಚಹಾ ಕುಡಿಯುತ್ತ ಅಪ್ಪ ಪ್ಲೇಟು ಕೇಳಿ ಇಸಿದುಕೊಂಡರು. ಸೂರ್ಯನಿಗೆ ಎದುರು ಹಿಡಿದರು, ಎಡಗೈಯಲ್ಲಿ. ಹೆಗಲೆಲುಬು ಅದರಲ್ಲಿ ಹುಡುಗರ ಕವೆಕೋಲಿನ ಹಾಗೆ ಕಾಣುತ್ತದೆ, ಆ ಕವೆಯ ತೊಟ್ಟಿಲಲ್ಲಿ ಖಂಡ ತುಂಬಿಕೊಂಡು ಕೂತಿರಬೇಕು. ಅಲ್ಲಿ ಕೂತಿದ್ದು ಅರ್ಧ ತೊಟ್ಟಿಲಿನಷ್ಟು ಬೂದು, ಅದರ ಮೈತುಂಬ ಬಿಳಿ ಬಿಳಿ ಎಳೆ. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: ‘ಸವಳ ಹಿಡದೈತಲ್ಲೋ ಇದು.’

ಪ್ರಭುಗಳಿಗೆ ಸವಳು ಗೊತ್ತಿರಲಿಕ್ಕಿಲ್ಲ. ಕೃಷ್ಣಾ ನದಿಯ ಎರಡೂ ದಂಡೆಯ ಕಪ್ಪು ಎರೆಹೊಲಕ್ಕೆ ಕಬ್ಬಿನ ಆಸೆಗೆ ನೀರು ಬಿಟ್ಟು ಬಿಟ್ಟು, ಬಸಿದು ಹೋಗಲು ದಾರಿಯಿಲ್ಲದೆ, ಕೆಳಗಿನ ಉಪ್ಪು ಮೇಲೆದ್ದು ಬರುತ್ತದೆ. ಮೊದಲು ಒಂದು ಬದುವಿನ ಬುಡದಲ್ಲಿ ಬೆಳ್ಳಗೆ ಗೆರೆ. ಮರುವರ್ಷ ಅಂಗೈ ಅಗಲ. ಆಮೇಲೆ ಮೊಳಕೆಯೇ ಏಳುವುದಿಲ್ಲ. ಮೇಲಿನಿಂದ ನೋಡಿದರೆ ಹೊಲ ಹೊಲವೇ, ಸರ್ವೆ ನಂಬರು ಅದೇ, ಪಹಣಿಯಲ್ಲಿ ಎಕರೆ ಅಷ್ಟೇ. ಒಳಗೆ ಮಾತ್ರ ಅದು ಮಣ್ಣಲ್ಲ. ನರ ಹರಿದ ಖಂಡದ ಕಥೆಯೂ ಇದೇ. ಎಳೆಯುವ ಕೆಲಸ ನಿಂತಿತು, ಖಂಡ ಹಿಂದಕ್ಕೆ ಸರಿಯಿತು, ಎಳೆಗಳ ನಡುವಿನ ಸಂದಿಯಲ್ಲಿ ಕೊಬ್ಬು ಬಂದು ಕೂತಿತು. ಹೊಲಕ್ಕಾದರೆ ನೆಲದೊಳಗೆ ಪೈಪು ಹೂತು, ಉಪ್ಪುನೀರು ಬಸಿದು, ನಾಲ್ಕಾರು ವರ್ಷದಲ್ಲಿ ಮತ್ತೆ ಪೀಕು ತೆಗೆದವರಿದ್ದಾರೆ. ಖಂಡಕ್ಕೆ ಅಂಥ ಪೈಪು ಇನ್ನೂ ಯಾರೂ ಮಾಡಿಲ್ಲ. ನರ ಹೊಲಿದರೂ ಸೇರಿದ ಕೊಬ್ಬು ಹೆಚ್ಚಾಗಿ ಹಾಗೇ ಉಳಿಯುತ್ತದೆ. ಅಪ್ಪನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವರು ಪ್ಲೇಟನ್ನು ಮಡಚದೆ, ಹುಷಾರಾಗಿ ಚೀಲಕ್ಕೆ ಇಳಿಸಿ ‘ಮೊದಲಿನ ವರ್ಷ ನೋಡಬೇಕಾಗಿತ್ತು’ ಎಂದಷ್ಟೇ ಅಂದರು. ಹೊಲಕ್ಕೆ ಅಂದರೋ ಭುಜಕ್ಕೆ ಅಂದರೋ, ನಾನು ಕೇಳಲಿಲ್ಲ.

ಡಾಕ್ಟರರು ಮೂರನ್ನೇ ನಂಬಿದರು. ಹೊಲಿಗೆ ಬೇಡವೆಂದರು. ಉಲ್ಟಾ ಕೀಲು ಎಂಬುದೊಂದಿದೆ ಎಂದರು. 1985ರಲ್ಲಿ ಗ್ರಾಮೋಂ ಎಂಬ ಇನ್ನೊಬ್ಬ ಫ್ರೆಂಚ್ ಡಾಕ್ಟರರು ಯೋಚಿಸಿದ್ದು. ಗುಂಡು ಇರುವಲ್ಲಿ ಬಟ್ಟಲು, ಬಟ್ಟಲು ಇರುವಲ್ಲಿ ಗುಂಡು ಕೂರಿಸಿ, ಕೆಟ್ಟ ಖಂಡದ ಹಂಗಿಲ್ಲದೆ ಹೊರಗಿನ ಖಂಡದಿಂದಲೇ ಕೈ ಎತ್ತಿಸುವುದು. ಜಾಣ ಉಪಾಯವೇ. ಬೆಲೆ ಕೇಳಿ ಅಪ್ಪ ‘ಎರಡೆಕರೆಗೆ ಹನಿ ನೀರಾವರಿ ಆಕ್ಕೈತಿ’ ಎಂದು ಲೆಕ್ಕ ಹಾಕಿ ಎದ್ದರು. ಉಳಿದದ್ದು ವ್ಯಾಯಾಮ. ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸುವುದು, ದಿನಕ್ಕೆ ಮೂರು ಹೊತ್ತು.

ಊರಿಗೆ ಬಂದ ಮೇಲೆ ತಮ್ಮ ಕಡೆಯ ಸಾಲನ್ನು ನಾನು ಮನೆಯಲ್ಲಿ ಓದಿ ಹೇಳಿದೆ. ಮುಟ್ಟಿ ನೋಡಿ ತಾಳೆ ಹಾಕಬೇಕಂತೆ, ಯಾರೂ ಹಾಕಲಿಲ್ಲ ಅಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಅಪ್ಪನ ಬಲ ಹೆಗಲೆಲುಬಿನ ಮೇಲೆ ಎರಡು ಬೆರಳು ಇಟ್ಟಳು. ಬೆರಳು ತಗ್ಗಿನಲ್ಲಿ ಕೂತವು. ಎಡಗಡೆ ಇಟ್ಟಳು, ಕೂಡಲಿಲ್ಲ. ‘ಎಣ್ಣಿ ತಿಕ್ಕುವಾಗ ಹ್ವಾದ ವರ್ಷದ ಹಿಂದಿನ ವರ್ಷs ಹೇಳಿದ್ನೆಲ್ಲೋ, ಇಲ್ಲಿ ತೆಗ್ಗ ಬಿದ್ದೈತಿ, ಖಂಡ ಕರಗಾಕ ಹತ್ತೈತಿ ಅಂತ. ಎಕ್ಸ್‌ರೇದಾಗ ಏನೂ ಇಲ್ಲ, ಸುಮ್ನಿರು ಅಂದ್ರಿ ಅಪ್ಪ ಮಗ ಇಬ್ರೂ.’ ಅಪ್ಪನ ಅಂಗಿಯ ಬೆನ್ನಿನ ಮೇಲೆ ಎರಡು ಹಿಟ್ಟಿನ ಗುರುತು ಉಳಿದವು. ವರದಿಯಲ್ಲಿ ಇದನ್ನು ಸೇರಿಸಲು ಬರುವಂತಿದ್ದರೆ ಫೀ ಎಷ್ಟೆಂದು ತಿಳಿಸಬೇಕಾಗಿ ವಿನಂತಿ. ಅವ್ವನಿಗೆ ನಾವು ಏನೂ ಕೊಟ್ಟಿಲ್ಲ.

ಕಡೆಯದಾಗಿ ತಮ್ಮ ಪ್ರಸಾದದ ವಿಷಯ. ತಾವೂ ತಮ್ಮ ಸಾಂಗಲಿಯ ದಾಯಾದಿಗಳೂ ಪ್ಲೇಟಿನ ಜೊತೆ ಒಂದೊಂದು ಸಿಡಿ ಕೊಟ್ಟಿದ್ದಿರಿ, ಸಾವಿರಾರು ಚಿತ್ರ ಇದರಲ್ಲಿವೆ, ಜೋಪಾನ ಎಂದು. ಸಿಡಿ ಹಾಕಿ ನೋಡುವ ಕಂಪ್ಯೂಟರು ನಮ್ಮಲ್ಲಿರಲಿ, ಡಾಕ್ಟರರ ಬಳಿಯೂ ಇರಲಿಲ್ಲ. ಅಕ್ಟೋಬರ್ ಚಾಟ್ನಿಯನ್ನು ಅಪ್ಪ ಈ ಸಲ ಕ್ರೇಟು ಬೋರಲು ಹಾಕಿ ಅದರ ಮೇಲೆ ನಿಂತು ಮಾಡಿದರು, ಕೈ ಎದೆಮಟ್ಟಕ್ಕಿಂತ ಏಳಬೇಕಾಗಲಿಲ್ಲ. ಕಾಳು ನೀರೇರಿ ಸಿಹಿ ಬರುವ ಹೊತ್ತಿಗೆ ಗಿಳಿಗಳ ಹಾವಳಿ ಶುರುವಾಯಿತು. ಎರಡೂ ಸಿಡಿಗಳನ್ನು ಸುತಳಿ ಕಟ್ಟಿ ಪಡದ ಎರಡು ತುದಿಗೆ ತೂಗುಬಿಟ್ಟಿದ್ದಾರೆ. ಗಾಳಿಗೆ ತಿರುಗಿ ಬಿಸಿಲಿಗೆ ಫಳಫಳ ಹೊಳೆಯುತ್ತವೆ. ಗ್ರೇಡ್ ಎರಡರ ಕಡೆಗೂ ಗ್ರೇಡ್ ಮೂರರ ಕಡೆಗೂ ಒಂದೂ ಗಿಳಿ ಇಳಿದಿಲ್ಲ. ನಡುವಿನ ಸಾಲುಗಳಿಗೆ ಇನ್ನೂ ನಾಲ್ಕು ಬೇಕಾಗಿವೆ. ತಮ್ಮಲ್ಲಿ ಯಾರೂ ಒಯ್ಯದೆ ಉಳಿದವು ಇದ್ದರೆ, ಜತ್ತದ ಆ ಹುಡುಗನ ಕೈಯಲ್ಲಿ ಕೊಟ್ಟಿಡಬೇಕು. ಮುಂದಿನ ವಾರ ಅವ್ವನ ಮೊಣಕಾಲಿಗೆಂದು ಹೇಗೂ ಬರುವವರಿದ್ದೇವೆ.

ಇಂತಿ ತಮ್ಮ ವಿಧೇಯ,
ದ್ರಾಕ್ಷಿ ಪಡದ ಮಗ, ಅಥಣಿ ತಾಲೂಕು